ಅಮ್ಮನಿಗೆ ಅಸಿಸ್ಟೆಡ್ ಲಿವಿಂಗ್ ಸಾಕಾ, ನರ್ಸಿಂಗ್ ಕೇರ್ ಬೇಕಾ?

ಪ್ರಶ್ನೆ: ನಮಸ್ತೆ ಸಿಸ್ಟರ್. ನಮ್ಮ ತಾಯಿಗೆ 78 ವರ್ಷ, ಹಾಸನದಲ್ಲಿ ಒಬ್ಬರೇ ಇದ್ದರು. ಮೂರು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ನಡೆಯುತ್ತಾರೆ. ಶುಗರ್ ಇದೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಬೆಂಗಳೂರಿನಲ್ಲಿ ನಾನೂ ಯಜಮಾನರೂ ಕೆಲಸಕ್ಕೆ ಹೋಗುವವರು. ಎರಡು ಜಾಗ ನೋಡಿ ಬಂದೆವು. ಒಂದು ಕಡೆ ಅಸಿಸ್ಟೆಡ್ ಲಿವಿಂಗ್ ಅಂದರು, ಇನ್ನೊಂದು ಕಡೆ ನರ್ಸಿಂಗ್ ಕೇರ್. ಮಂಚ, ಟಿವಿ ಎಲ್ಲಾ ಒಂದೇ ಥರ, ರೇಟು ಮಾತ್ರ ಬೇರೆ. ಯಾವುದಕ್ಕೆ ಸೇರಿಸಲಿ?

ಉತ್ತರ: ಮಂಚ, ಟಿವಿ ಬಿಡಿ. ರಾತ್ರಿ ಎರಡು ಗಂಟೆಗೆ ಅಮ್ಮ ಬಾತ್‌ರೂಮಿಗೆ ಹೇಗೆ ಹೋಗುತ್ತಾರೆ? ನಾನು ಎಲ್ಲರಿಗೂ ಮೊದಲು ಕೇಳುವುದು ಇದನ್ನೇ.

ತಾವೇ ಎದ್ದು ಹೋಗಿ ಬಂದರೆ ಮಾಮೂಲಿ ವೃದ್ಧಾಶ್ರಮವೋ ಹಿರಿಯರ ಫ್ಲ್ಯಾಟೋ ಸಾಕು. ಯಾರಾದರೂ ಕೈ ಹಿಡಿಯಬೇಕು, ಸ್ನಾನಕ್ಕೆ ಜೊತೆಗಿರಬೇಕು, ಮಾತ್ರೆ ನೆನಪಿಸಬೇಕು ಅಂದರೆ ಅಸಿಸ್ಟೆಡ್ ಲಿವಿಂಗ್. ಎತ್ತಿ ಕೂರಿಸಬೇಕು, ಮೂಗಿನ ಟ್ಯೂಬಲ್ಲಿ ಊಟ, ಕ್ಯಾಥೆಟರ್ (ಮೂತ್ರದ ಟ್ಯೂಬ್), ಬೆಡ್‌ಸೋರ್ (ಮಲಗಿ ಮಲಗಿ ಆದ ಹುಣ್ಣು) ಡ್ರೆಸ್ಸಿಂಗ್ ಇದೆಯಾ? ಅದು ನರ್ಸಿಂಗ್ ಕೇರ್. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಕೂಡ. ರೇಟು ಜಾಸ್ತಿ ಆಗುವುದು ಈ ಕೈಗಳಿಗೆ.

ನಿಮ್ಮಮ್ಮ ಅಸಿಸ್ಟೆಡ್ ಕಡೆಗೇ ಇದ್ದಾರೆ ಅನಿಸುತ್ತದೆ. ಆದರೆ ಇನ್ಸುಲಿನ್ ಒಂದು ತೊಡಕು. ಏಳು ಗಂಟೆಗೆ ಚುಚ್ಚಿ, ಇಡ್ಲಿ ಎಂಟೂವರೆಗೆ ಬಂತು ಅಂದುಕೊಳ್ಳಿ. ಮೈ ಬೆವೆತು, ಕೈ ನಡುಗಿ, ಮಾತು ತೊದಲುತ್ತದೆ. ಅದು ಲೋ ಶುಗರ್ ಅಂತ ಗುರುತಿಸಿ ತಕ್ಷಣ ಸಕ್ಕರೆ ನೀರು ಕೊಡುವವರು ಅಲ್ಲಿರಬೇಕು. 'ಸಿಸ್ಟರ್ ಇದ್ದಾರೆ' ಅಂದರೆ ಸುಮ್ನೆ ತಲೆಯಾಡಿಸಬೇಡಿ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಇಲ್ಲವೇ ಬಿಎಸ್ಸಿ ನರ್ಸಿಂಗ್ ಓದಿದವರಾ, ರಾತ್ರಿ ಪಾಳಿಯಲ್ಲೂ ಇರುತ್ತಾರಾ, ಕೇಳಿ. ಯೂನಿಫಾರ್ಮ್ ಹಾಕಿದವರೆಲ್ಲ ನರ್ಸ್ ಅಲ್ಲ, ಎಷ್ಟೋ ಜನ ಅಟೆಂಡರ್‌ಗಳು. ಅವರ ಕೆಲಸ ಕಮ್ಮಿ ಅಂತಲ್ಲ, ಬೇರೆ.

ಅದೇ ಮಗಳು: ನರ್ಸಿಂಗ್ ಅಂದ ಕೂಡಲೇ ಅಮ್ಮ 'ಮತ್ತೆ ಆಪರೇಷನ್ನಾ' ಅಂತ ಅಳುತ್ತಾರೆ!

ಉತ್ತರ: ಪಾಪ, ಅವರ ತಪ್ಪಿಲ್ಲ. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದರೆ ಸಣ್ಣ ಆಸ್ಪತ್ರೆ, ಹೆರಿಗೆಗೂ ಹೋಗುವ ಜಾಗ. ವಿದೇಶದಲ್ಲಿ ಅದೇ ಹೆಸರು ವಯಸ್ಸಾದವರು ವರ್ಷಗಟ್ಟಲೆ ಇರುವ ಜಾಗಕ್ಕೆ. ಅಮ್ಮನ ಹತ್ತಿರ ಆ ಪದವೇ ಬೇಡ. ಒಂದು ತಿಂಗಳ ಮಟ್ಟಿಗೆ ಇರಿಸಿಕೊಳ್ಳುತ್ತಾರಾ ವಿಚಾರಿಸಿ. 'ಕಾಲು ಗಟ್ಟಿಯಾಗುವವರೆಗೆ' ಅಂದರೆ ಸುಳ್ಳೂ ಅಲ್ಲ.

ಇನ್ನೊಬ್ಬ ಸದಸ್ಯರು: ಇದಕ್ಕೆ ಇನ್ಶೂರೆನ್ಸ್ ಬರುತ್ತಾ ಮೇಡಂ? 70 ದಾಟಿದವರಿಗೆ 5 ಲಕ್ಷದ ಆಯುಷ್ಮಾನ್ ಕಾರ್ಡ್ ಇದೆಯಲ್ಲ?

ಉತ್ತರ: ಆ ಕಾರ್ಡ್ ಆಸ್ಪತ್ರೆ ಚಿಕಿತ್ಸೆಗೆ. ಇಂಥ ಜಾಗದ ತಿಂಗಳ ಫೀಸಿಗೆ ಬರುವುದಿಲ್ಲ. ಮಾಮೂಲಿ ಆರೋಗ್ಯ ವಿಮೆಯ ಕಥೆಯೂ ಅದೇ. ಕೈಯಿಂದಲೇ ಕಟ್ಟಬೇಕು. ಡೈಪರ್, ಫಿಸಿಯೋ, ಡಾಕ್ಟರ್ ವಿಸಿಟ್ ಫೀಸಿನಲ್ಲೇ ಸೇರಿದೆಯಾ, ಬೇರೆಯಾ? ಡೆಪಾಸಿಟ್ ವಾಪಸ್ ಯಾವಾಗ? ಬರೆಸಿಕೊಳ್ಳಿ.

ಮಗಳು (ಎರಡು ದಿನದ ನಂತರ): ರಾತ್ರಿ ಬಾತ್‌ರೂಮಿಗೆ ಹೇಗೆ ಹೋಗುತ್ತಾರೆ ಅಂತ ನೀವು ಕೇಳಿದಿರಲ್ಲ, ನಿನ್ನೆ ಅಮ್ಮನ ಪಕ್ಕದಲ್ಲೇ ಮಲಗಿ ನೋಡಿದೆ ಸಿಸ್ಟರ್. ರಾತ್ರಿ ಐದು ಸಲ ಎದ್ದರು. ಎರಡು ಸಲ ವಾಕರ್ ಬಿಟ್ಟು ಗೋಡೆ ಹಿಡಿದೇ ಹೋದರು. ನಮಗೆ ಗೊತ್ತೇ ಇರಲಿಲ್ಲ.

ಉತ್ತರ: ಐದು ಸಲ ಅಂದರೆ ಶುಗರ್ ಜಾಸ್ತಿ ಇರಬಹುದು, ಯೂರಿನ್ ಇನ್‌ಫೆಕ್ಷನ್ ಇರಬಹುದು. ಜಾಗ ಹುಡುಕುವುದು ಒಂದು ವಾರ ನಿಲ್ಲಲಿ, ಮೊದಲು ಡಾಕ್ಟರಿಗೆ ತೋರಿಸಿ. ಇವತ್ತೇ ಮಂಚದ ಪಕ್ಕ ಒಂದು ಕಮೋಡ್ ಕುರ್ಚಿ ಇಡಿ, ರಾತ್ರಿ ಲೈಟ್ ಉರಿಯಲಿ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ಆಮೇಲೆ ಯಾವ ಜಾಗ ಅಂತ ನೋಡೋಣ.