ಬಿಡ್ ತೆರೆಯುವ ಮೊದಲೇ ಗೆದ್ದವರು: ಸರ್ಕಾರಿ ಗುತ್ತಿಗೆಗಳ ಬಗ್ಗೆ ಪ್ರಶ್ನೋತ್ತರ

ಸರ್ಕಾರಿ ಕಾಮಗಾರಿಗಳ ಲೆಕ್ಕಪರಿಶೋಧನೆಯಲ್ಲಿ ಬಹುಕಾಲ ದುಡಿದು ನಿವೃತ್ತರಾದ ನಮ್ಮ ಗುಂಪಿನ ಸದಸ್ಯೆಯೊಬ್ಬರು ಈ ವಾರದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ಈಗ ಟೆಂಡರ್ ಆನ್‌ಲೈನ್‌ನಲ್ಲೇ ನಡೆಯುತ್ತದೆ, ಅತಿ ಕಡಿಮೆ ದರ ನಮೂದಿಸಿದವರಿಗೇ ಕೆಲಸ. ಆದರೂ ಅವೇ ಎರಡು ಮೂರು ಕಂಪನಿಗಳು ಗೆಲ್ಲುತ್ತವೆ. ನಿಯಮ ಪಾಲಿಸುತ್ತಲೇ ಮೋಸ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯ. ಎಲ್ಲರ ಕಣ್ಣು ಬಿಡ್, ಅಂದರೆ ಕಂಪನಿಗಳು ನಮೂದಿಸಿದ ದರಪತ್ರ, ತೆರೆಯುವ ದಿನದ ಮೇಲಿರುತ್ತದೆ, ಆ ದಿನ ಕಡತದಲ್ಲಿ ಎಲ್ಲವೂ ಅಚ್ಚುಕಟ್ಟಾಗಿಯೇ ಇರುತ್ತದೆ. ಕೈಚಳಕ ನಡೆಯುವುದು ಅದಕ್ಕಿಂತ ಮೊದಲು ಅರ್ಹತಾ ಷರತ್ತು ಬರೆಯುವಾಗ, ಆಮೇಲೆ ಒಪ್ಪಂದ ತಿದ್ದುವಾಗ.

ಷರತ್ತುಗಳನ್ನು ಬಿಡಿಬಿಡಿಯಾಗಿ ಓದಿದರೆ ತಪ್ಪು ಕಾಣುವುದಿಲ್ಲ. ಇಷ್ಟು ವಾರ್ಷಿಕ ವಹಿವಾಟು ಇರಬೇಕು, ಇಂಥದೇ ಯಂತ್ರ ಸ್ವಂತದ್ದಾಗಿರಬೇಕು, ಕಳೆದ ಮೂರು ವರ್ಷಗಳಲ್ಲಿ ಇದೇ ಬಗೆಯ ಕೆಲಸ ಮುಗಿಸಿರಬೇಕು. ಒಂದೊಂದಕ್ಕೂ ಸಮರ್ಥನೆಯುಂಟು. ಆದರೆ ಎಲ್ಲವನ್ನೂ ಒಟ್ಟಿಗೆ ಇಟ್ಟು, ಇವನ್ನೆಲ್ಲ ಪೂರೈಸುವ ಕಂಪನಿಗಳೆಷ್ಟು ಎಂದು ಎಣಿಸಿ ನೋಡಿ. ಒಂದೇ ಉಳಿದರೆ ಆ ಷರತ್ತುಗಳು ಒಬ್ಬರ ಮೈಯಳತೆಗೆ ಹೊಲಿದ ಅಂಗಿ ಎಂದೇ ತಿಳಿಯಿರಿ.

ಕಡಿಮೆ ದರದ ಮಾತಿಗೆ ಬರೋಣ. ಟೆಂಡರ್‌ನಲ್ಲಿ ಗಟ್ಟಿ ಬಂಡೆ ಒಡೆಯುವ ಬಾಬಿಗೆ (ಪಟ್ಟಿಯಲ್ಲಿ ಬಿಡಿಯಾಗಿ ತೋರಿಸುವ ಒಂದೊಂದು ಕೆಲಸವೂ ಒಂದು ಬಾಬು) 100 ಘನ ಮೀಟರ್ ಎಂದು ತೋರಿಸಲಾಗಿದೆ ಎಂದುಕೊಳ್ಳಿ. ಸ್ಥಳದಲ್ಲಿ ನಿಜವಾಗಿ ಇರುವುದು 5,000 ಘನ ಮೀಟರ್ ಎಂಬುದು ಒಳಗಿನ ಮಾಹಿತಿ ಸಿಕ್ಕ ಕಂಪನಿಗೆ ಮಾತ್ರ ಗೊತ್ತು. ಅದು ಬಂಡೆಯ ಬಾಬಿಗೆ ವಿಪರೀತ ದರ ಹಾಕಿ, ಉಳಿದ ಬಾಬುಗಳಿಗೆ ನಷ್ಟದ ದರ ಹಾಕುತ್ತದೆ. ಒಟ್ಟು ಮೊತ್ತದಲ್ಲಿ ಅದೇ ಅತಿ ಕಡಿಮೆ, ಗುತ್ತಿಗೆಯೂ ಅದಕ್ಕೇ. ಕೆಲಸ ಶುರುವಾದ ಮೇಲೆ ಬಂಡೆಯ ಪ್ರಮಾಣ ಐವತ್ತು ಪಟ್ಟಾಗುತ್ತದೆ, ಒಪ್ಪಿದ ದರದಲ್ಲೇ ಬಿಲ್ ಪಾಸಾಗುತ್ತದೆ. ಪ್ರಾಮಾಣಿಕವಾಗಿ ಲೆಕ್ಕ ಹಾಕಿ ಸೋತ ಗುತ್ತಿಗೆದಾರನಿಗೆ ತಾನೇಕೆ ಸೋತೆ ಎಂಬುದೂ ತಿಳಿಯುವುದಿಲ್ಲ. ನನಗೆ ಅತ್ಯಂತ ಸಿಟ್ಟು ಬರುವುದು ಇಲ್ಲಿಯೇ. ಆದ್ದರಿಂದ ಮೊದಲ ಅಂದಾಜಿನ ಬಾಬುಗಳ ಪಕ್ಕದಲ್ಲಿ ಕೊನೆಯ ಬಿಲ್ಲಿನ ಬಾಬುಗಳನ್ನು ಇಟ್ಟು ಓದಿ. ಗೆದ್ದವರ ದರ ಎಲ್ಲಿ ಅಸಹಜವಾಗಿ ಹೆಚ್ಚಿತ್ತೋ ಅಲ್ಲೇ ಪ್ರಮಾಣವೂ ಉಬ್ಬಿದ್ದರೆ ಅದನ್ನು ಕಾಕತಾಳೀಯ ಎಂದು ನಾನಂತೂ ಒಪ್ಪುವುದಿಲ್ಲ.

ಪ್ರಶ್ನೆ: ಐದಾರು ಬಿಡ್ ಬಂದಿದ್ದರೆ ಸ್ಪರ್ಧೆ ನಿಜವಾದದ್ದು ಎನ್ನಬಹುದಲ್ಲವೇ?

ಉತ್ತರ: ಬಿಡ್‌ಗಳ ಸಂಖ್ಯೆಯನ್ನು ನೋಡಿ ಹಾಗೆನ್ನಲಾಗದು. ಜಪಾನಿನಲ್ಲಿ ಗುತ್ತಿಗೆದಾರರು ಮೊದಲೇ ಕೂಡಿ ಮಾತಾಡಿಕೊಂಡು ಸರದಿಯಂತೆ ಗೆಲ್ಲುವ ಪದ್ಧತಿಗೆ ಡಾಂಗೋ ಎಂಬ ಹೆಸರೇ ಇದೆ. ಸೋತವರ ಬಿಡ್‌ಗಳಲ್ಲಿ ಒಂದೇ ಕಾಗುಣಿತ ತಪ್ಪು, ದರಗಳ ನಡುವೆ ಸಮನಾದ ಅಂತರ, ಸೋತವನೇ ಆಮೇಲೆ ಗೆದ್ದವನ ಉಪಗುತ್ತಿಗೆದಾರ. ಇವು ಕಂಡರೆ ನಿಲ್ಲಿ, ವಿಚಾರಿಸಿ. ಒಂದೇ ಬಿಡ್ ಬರುವುದು ಇನ್ನೂ ನೇರವಾದ ಎಚ್ಚರಿಕೆ. ಐರೋಪ್ಯ ಒಕ್ಕೂಟದಲ್ಲಿ ಒಂಟಿ ಬಿಡ್‌ಗಳ ಪಾಲು 2011ರಿಂದ 2021ರ ನಡುವೆ ಸುಮಾರು ಇಮ್ಮಡಿಯಾಗಿದೆ ಎಂದು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆಯೇ 2023ರಲ್ಲಿ ವರದಿ ಮಾಡಿತು. ಇದು ಬಡ ದೇಶಗಳ ರೋಗ ಮಾತ್ರ ಎಂದು ಯಾರೂ ಭಾವಿಸಬೇಕಾಗಿಲ್ಲ.

ಪ್ರಶ್ನೆ: ಪಕ್ಷಕ್ಕೆ ಕಂಪನಿ ದೇಣಿಗೆ ಕೊಡುವುದು ಅನೇಕ ಕಡೆ ಕಾನೂನುಬದ್ಧ. ಅದನ್ನು ಲಂಚದ ಜೊತೆ ಸೇರಿಸುವುದು ಅನ್ಯಾಯವಲ್ಲವೇ?

ಉತ್ತರ: ಕಾನೂನಿನ ದೃಷ್ಟಿಯಲ್ಲಿ ಎರಡೂ ಬೇರೆ, ಒಪ್ಪುತ್ತೇನೆ. ನೇರ ಲಂಚಕ್ಕೆ ಬ್ರೆಜಿಲ್‌ನ ಒಡೆಬ್ರೆಕ್ಟ್ ಕಂಪನಿಯೇ ಉದಾಹರಣೆ. ಲಂಚ ಹಂಚುವುದಕ್ಕೆಂದೇ ಅದು ಒಂದು ಪ್ರತ್ಯೇಕ ವಿಭಾಗವನ್ನು ನಡೆಸುತ್ತಿತ್ತು. 12 ದೇಶಗಳಲ್ಲಿ ಸುಮಾರು 78.8 ಕೋಟಿ ಡಾಲರ್ ಲಂಚ ಕೊಟ್ಟ ಪ್ರಕರಣದಲ್ಲಿ 2016ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು.

ಆದರೆ ನ್ಯಾಯಾಲಯಗಳು ಮತ್ತು ಶಾಸನಸಭೆಗಳು ದೇಣಿಗೆಯನ್ನೂ ಅನುಮಾನದಿಂದಲೇ ನೋಡಿವೆ, ಅದಕ್ಕೆ ಕಾರಣವಿದೆ. ತನ್ನ ಒಕ್ಕೂಟ (ಕೇಂದ್ರ) ಸರ್ಕಾರದ ಗುತ್ತಿಗೆ ಪಡೆದವರು ಒಕ್ಕೂಟ ಮಟ್ಟದ ಚುನಾವಣೆಗಳಿಗೆ ದೇಣಿಗೆ ಕೊಡುವುದನ್ನು ಅಮೆರಿಕ 1940ರಲ್ಲೇ ನಿಷೇಧಿಸಿದೆ. ಬ್ರೆಜಿಲ್‌ನ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಕಂಪನಿಗಳ ಚುನಾವಣಾ ದೇಣಿಗೆಯನ್ನೇ ರದ್ದು ಮಾಡಿತು. ಭಾರತದಲ್ಲಿ ಕೊಟ್ಟವರ ಹೆಸರು ಮತದಾರರಿಗೆ ತಿಳಿಯದಂತಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಅಸಾಂವಿಧಾನಿಕವೆಂದು ಸಾರಿತು. ದೇಣಿಗೆಗೆ ಪ್ರತಿಫಲ ಸಿಕ್ಕಿತೇ ಎಂದು ಕೇಳಬೇಕಾದರೆ ಮೊದಲು ಕೊಟ್ಟವರು ಯಾರೆಂದು ತಿಳಿಯಬೇಕಲ್ಲ. ಗುತ್ತಿಗೆ ಚಾಲ್ತಿಯಲ್ಲಿರುವ ಅಥವಾ ಬಿಡ್ ಸಲ್ಲಿಸಿರುವ ಕಂಪನಿ ಯಾವ ಪಕ್ಷಕ್ಕೂ ಹಣ ಕೊಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಹಣವೇ ಕೈಬದಲಾಗಬೇಕೆಂದೂ ಇಲ್ಲ. ಕೋವಿಡ್ ಕಾಲದಲ್ಲಿ ಬ್ರಿಟನ್ ಸರ್ಕಾರವು ಸಚಿವರು, ಸಂಸದರು, ಹಿರಿಯ ಅಧಿಕಾರಿಗಳು ಶಿಫಾರಸು ಮಾಡಿದ ಪೂರೈಕೆದಾರರಿಗೆ ಪ್ರತ್ಯೇಕ ಆದ್ಯತೆಯ ಸಾಲನ್ನು ತೆರೆದಿತ್ತು. ಆ ಸಾಲಿನಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಗುತ್ತಿಗೆ ಸಿಕ್ಕಿತು. ಸಾಮಾನ್ಯ ಸಾಲಿನಲ್ಲಿ ನೂರಕ್ಕೆ ಒಬ್ಬರಿಗೂ ಸಿಗಲಿಲ್ಲ. ಆ ವ್ಯವಸ್ಥೆ ಕಾನೂನುಬಾಹಿರ ಎಂದು 2022ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು.

ಪ್ರಶ್ನೆ: ಎಲ್ಲಾದರೂ ಸುಧಾರಣೆ ಆಗಿದೆಯೇ?

ಉತ್ತರ: ಆಗಿದೆ. ಸ್ಲೊವಾಕಿಯಾದಲ್ಲಿ 2011ರಿಂದ ಸರ್ಕಾರಿ ಒಪ್ಪಂದವನ್ನು ಅಂತರಜಾಲದಲ್ಲಿ ಪ್ರಕಟಿಸದ ಹೊರತು ಅದು ಜಾರಿಗೇ ಬರುವುದಿಲ್ಲ. ಉಕ್ರೇನ್ 2016ರಲ್ಲಿ ಸರ್ಕಾರಿ ಖರೀದಿಗೆಲ್ಲ ಕಡ್ಡಾಯಗೊಳಿಸಿದ ಪ್ರೊಝೊರ್ರೊ ಎಂಬ ಜಾಲತಾಣದಲ್ಲಿ ಸೋತವರ ಬಿಡ್‌ಗಳನ್ನೂ ಜನರು ನೋಡಬಹುದು. ಇವುಗಳಿಂದ ಲಂಚ ನಿಂತುಹೋಗಿದೆ ಎನ್ನಲಾರೆ. ಹುಡುಕುವವರಿಗೆ ಕಾಗದ ಕೈಗೆ ಸಿಗುತ್ತದೆ, ಅದು ದೊಡ್ಡ ವಿಷಯ.

ಪ್ರಶ್ನೆ: ನಾನು ಕಿರಿಯ ಎಂಜಿನಿಯರ್. ಒಂದು ಕಂಪನಿಗೆ ಮಾತ್ರ ಹೊಂದುವ ಷರತ್ತನ್ನು ಸೇರಿಸುವಂತೆ ಮೇಲಧಿಕಾರಿ ಬಾಯಿಮಾತಿನಲ್ಲಿ ಹೇಳಿದ್ದಾರೆ. ಕೆಲಸ ಕಳೆದುಕೊಳ್ಳುವ ಸ್ಥಿತಿಯಲ್ಲಿ ನಾನಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಭಯ ಸಹಜವಾದದ್ದು, ಅದಕ್ಕೆ ಸಂಕೋಚಪಡಬೇಡಿ. ಜಗಳಕ್ಕೆ ಹೋಗಬೇಡಿ, ಸಹಿಯನ್ನೂ ಹಾಕಿಬಿಡಬೇಡಿ. ಕಡತದ ಟಿಪ್ಪಣಿ ಹಾಳೆಯಲ್ಲಿ ವಿನಯವಾಗಿ ಹೀಗೆ ಬರೆಯಿರಿ: "ಈ ಷರತ್ತನ್ನು ಸೇರಿಸಿದರೆ ಅರ್ಹ ಬಿಡ್‌ದಾರರ ಸಂಖ್ಯೆ ಇಷ್ಟಕ್ಕೆ ಇಳಿಯುತ್ತದೆ. ಷರತ್ತಿನ ತಾಂತ್ರಿಕ ಅಗತ್ಯದ ಬಗ್ಗೆ ಲಿಖಿತ ಸೂಚನೆ ನೀಡಲು ಕೋರಿದೆ." ದಿನಾಂಕ ಹಾಕಿ. ಯಾರು, ಯಾವಾಗ, ಏನು ಹೇಳಿದರು ಎಂಬುದನ್ನು ಮನೆಯಲ್ಲಿ ನಿಮ್ಮ ಸ್ವಂತ ಪುಸ್ತಕದಲ್ಲಿ ಅದೇ ದಿನ ಬರೆದಿಡಿ. ಇಂಥ ಟಿಪ್ಪಣಿ ಕಡತಕ್ಕೆ ಬಿದ್ದಾಗ ಷರತ್ತನ್ನು ಸದ್ದಿಲ್ಲದೆ ಕೈಬಿಟ್ಟದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ, ಏಕೆಂದರೆ ಲಿಖಿತವಾಗಿ ಹೊಣೆ ಹೊರಲು ಮೇಲಿನವರು ಸಿದ್ಧರಿರುವುದಿಲ್ಲ. ಒಂದು ವೇಳೆ ಲಿಖಿತ ಆದೇಶ ಬಂದರೆ ಅದರ ಸಂಖ್ಯೆಯನ್ನು ಕರಡಿನಲ್ಲೇ ನಮೂದಿಸಿ. ಕಚೇರಿಯ ದಾಖಲೆಗಳ ಪ್ರತಿಯನ್ನು ಮಾತ್ರ ಹೊರಗೆ ಒಯ್ಯಬೇಡಿ, ನಿಮ್ಮ ಮೇಲೆಯೇ ಶಿಸ್ತುಕ್ರಮ ಜರುಗಿಸಲು ಅದೇ ನೆಪವಾಗುತ್ತದೆ. ದೂರು ಕೊಡುವ ತೀರ್ಮಾನಕ್ಕೆ ಬಂದರೆ, ಅದಕ್ಕೂ ಮೊದಲು ನಂಬಿಕೆಯ ವಕೀಲರೊಬ್ಬರನ್ನು ಕಂಡು, ದೂರುದಾರರ ರಕ್ಷಣೆಗೆ ನಿಮಗೆ ಅನ್ವಯಿಸುವ ನಿಯಮ ಯಾವುದೆಂದು ಕೇಳಿ ತಿಳಿದುಕೊಳ್ಳಿ.