ಬಟಾನಾ ಎಣ್ಣೆಯ ಜಿಡ್ಡಿಗೆ ಸೀಗೆಪುಡಿ ಸಾಕೇ?

ಪ್ರಶ್ನೆ (ಮದ್ದೂರು):
ನಮಸ್ಕಾರ. ಹೆರಿಗೆಯಾಗಿ ನಾಲ್ಕು ತಿಂಗಳಾಗಿರುವ ನನ್ನ ಮಗಳಿಗೆ ತಲೆ ಬಾಚಿದಾಗಲೆಲ್ಲ ಕೂದಲು ಹಿಡಿಹಿಡಿಯಾಗಿ ಬರುತ್ತಿದೆ. ಮಧ್ಯ ಅಮೆರಿಕದ ಮಳೆಕಾಡಿನದೆಂಬ ಜಾಹೀರಾತನ್ನು ನಂಬಿ, ಬಟಾನಾ ಎಣ್ಣೆಯ ಪುಟ್ಟ ಡಬ್ಬಿಯೊಂದನ್ನು ದುಬಾರಿ ಬೆಲೆಗೆ ತರಿಸಿಕೊಂಡಿದ್ದಾಳೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಎರಡು ಸಲ ಶಾಂಪೂ ಹಾಕಿದರೂ ಅದರ ಜಿಡ್ಡು ಹೋಗುತ್ತಿಲ್ಲ. ಇದರಿಂದ ಕೂದಲು ನಿಜಕ್ಕೂ ಬೆಳೆಯುವುದೇ? ಸೀಗೆಪುಡಿಯಲ್ಲಿ ತೊಳೆಯಬಹುದೇ?

ಉತ್ತರ 1 (ಮೈಸೂರು, ಸಸ್ಯಶಾಸ್ತ್ರದ ನಿವೃತ್ತ ಅಧ್ಯಾಪಕ):
ಬಟಾನಾ ಕಟ್ಟುಕಥೆಯಲ್ಲ. ಹೊಂಡುರಾಸ್ ದೇಶದ ಪೂರ್ವ ತುದಿಯಲ್ಲಿರುವ ಲಾ ಮೊಸ್ಕಿಟಿಯಾ ಕಾಡುಸೀಮೆಯ ಮಿಸ್ಕಿಟೊ ಜನರು ಅಮೆರಿಕದ ಎಣ್ಣೆತಾಳೆಯಿಂದ ಅದನ್ನು ತಲೆಮಾರುಗಳಿಂದ ತೆಗೆಯುತ್ತ ಬಂದಿದ್ದಾರೆ. ನಮ್ಮ ಅಂಗಡಿಗಳ ಪಾಮೋಲಿನ್ ಕೊಡುವ ಆಫ್ರಿಕದ ತಾಳೆಗೆ ಆ ಮರ ಹತ್ತಿರದ ನೆಂಟ. ಸಂಸ್ಕರಿಸದ ಬಟಾನಾ ಗಾಢ ಕಂದು ಬಣ್ಣದ್ದಾಗಿದ್ದು, ಹುರಿದ ಕಾಫಿಬೀಜದಂತಹ ವಾಸನೆ ಬರುತ್ತದೆ. ತಮ್ಮ ಡಬ್ಬಿಯನ್ನೊಮ್ಮೆ ಮೂಸಿ ನೋಡಿ. ಒಲೀಯಿಕ್ ಆಮ್ಲ ಹೇರಳವಾಗಿರುವುದರಿಂದ ಒಣಗೂದಲಿಗೆ ನುಣುಪು ಬರುತ್ತದೆ, ಆದರೆ ಹೊಸ ಕೂದಲು ಹುಟ್ಟಿಸುತ್ತದೆಂಬ ಮಾತನ್ನು ನಾನು ಒಪ್ಪಲಾರೆ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೂದಲಿನ ಪ್ರೋಟೀನ್ ನಷ್ಟವನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲ ಕೂದಲಿನ ಎಳೆಯೊಳಕ್ಕೇ ಇಳಿಯುತ್ತದೆ.

ಉತ್ತರ 2 (ಮೈಸೂರು, ಶುಶ್ರೂಷಕಿ):
ಅಮ್ಮಾ, ಹೆರಿಗೆಯಾದ ಎರಡು ಮೂರು ತಿಂಗಳಿಗೆ ಹೀಗೆ ಉದುರುವುದು ಸಾಮಾನ್ಯ; ಬಹುಪಾಲು ಬಾಣಂತಿಯರಲ್ಲಿ ವರ್ಷದೊಳಗೆ ತಾನಾಗಿಯೇ ಸರಿಹೋಗುತ್ತದೆ, ಆ ಹೊತ್ತಿಗೆ ಯಾವ ಎಣ್ಣೆ ಹಚ್ಚುತ್ತಿರುತ್ತಾರೋ ಅದಕ್ಕೆ ಹೆಸರು ಬರುತ್ತದೆ. ಸುಸ್ತೂ ಇದ್ದರೆ ರಕ್ತದ ಕಬ್ಬಿಣಾಂಶ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಉತ್ತರ 3 (ಮಂಡ್ಯ):
ತೊಳೆಯುವ ವಿಚಾರಕ್ಕೆ ಬರುತ್ತೇನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ಆಯ್ದು ತರುವ ಸೀಗೆ, ಅಂಟುವಾಳ ಎರಡರಲ್ಲೂ ಸಪೋನಿನ್ ಎಂಬ ನೊರೆಯ ಅಂಶವಿದ್ದು, ಸಾಬೂನಿನಂತೆ ಅದು ಗಡಸು ನೀರಿನಲ್ಲಿ ಬಿಳಿ ಕಸರಾಗಿ ತಲೆಗೆ ಅಂಟುವುದಿಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯ ಕಡೆ ಹೋದಾಗ ಗ್ರಂಧಿಗೆ ಅಂಗಡಿಯಲ್ಲಿ ಇಡಿಯ ಸೀಗೆಕಾಯಿಯನ್ನೇ ಕೊಳ್ಳಿ, ಏಕೆಂದರೆ ಪುಡಿಯಲ್ಲಿ ಏನು ಬೆರೆತಿದೆಯೆಂದು ತಿಳಿಯುವುದಿಲ್ಲ. ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುವವರೆಗೆ ಬಿಸಿಲಿಗೆ ಹಾಕಿ, ಹಿಡಿ ಮೆಂತ್ಯ ಸೇರಿಸಿ ಮಿಲ್ಲಿನಲ್ಲಿ ಪುಡಿ ಮಾಡಿಸಿ. ನಾನಂತೂ ಅದನ್ನು ಬಿಸಿ ಅನ್ನದ ಗಂಜಿಯಲ್ಲಿ ಕಲಸಿ ಹತ್ತು ನಿಮಿಷ ಬಿಡುತ್ತೇನೆ. ಬರಿಯ ನೀರಿನಲ್ಲಿ ಕಲಸಿದರೆ ಕೂದಲು ಒರಟಾಗುತ್ತದೆ. ಜಿಡ್ಡು ಬಹಳವಿದ್ದರೆ ಎರಡು ಚಮಚ ಚಿಗರೆಪುಡಿ (ಚಿಗರೆ ಮರದ ಒಣಗಿದ ಎಲೆಯ ಪುಡಿ) ಬೆರೆಸಿ. ಮಗಳಿಗೆ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಬಾಗಿಸಲು ಹೇಳಿ, ಸೀಗೆ ಕಣ್ಣಿಗೆ ಬಿದ್ದರೆ ಉರಿ ಬೇಗ ಇಳಿಯುವುದಿಲ್ಲ.