ಚಿಕ್ಕಪುಟ್ಟ ಸರ್ವರ್ ಕೆಲಸಕ್ಕೆ ಬ್ಯಾಶಾ, ಪೈಥಾನಾ?

ಪ್ರಶ್ನೆ: ಮೇಡಂ, ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಹಳೆ ಲಾಗ್ (ಸರ್ವರ್ ಬರೆದಿಡುವ ದಾಖಲೆ) ಅಳಿಸುವುದು, ಬ್ಯಾಕಪ್ ತೆಗೆಯುವುದು, ಡಿಸ್ಕ್ ತುಂಬುತ್ತಾ ಬಂದರೆ ಮೇಲ್ ಕಳಿಸುವುದು, ಇಷ್ಟೇ. ಒಬ್ಬರು ಲಿನಕ್ಸ್ ಕಮಾಂಡ್‌ಗಳನ್ನು ಓಡಿಸುವ ಬ್ಯಾಶ್ ಸಾಕು ಅಂತಾರೆ, ಇನ್ನೊಬ್ಬರು ಎಲ್ಲಾ ಪೈಥಾನ್ ಭಾಷೆಯಲ್ಲೇ ಬರಿ ಅಂತಾರೆ. ಇಲ್ಲಿರುವ ಹಳೆ ಸ್ಕ್ರಿಪ್ಟ್‌ಗಳೆಲ್ಲ (ಇಂಥ ಕೆಲಸದ ಚಿಕ್ಕ ಪ್ರೋಗ್ರಾಮ್‌ಗಳು) ಪರ್ಲ್ ಭಾಷೆಯಲ್ಲಿವೆ. ಯಾವುದು ಕಲಿಯಲಿ?

ಉತ್ತರ: ಮೊದಲು ಬ್ಯಾಶ್, ಅದರ ಬೆನ್ನಿಗೇ ಪೈಥಾನ್. ಎರಡೂ ಬೇಕು. ಬೇರೆ ಪ್ರೋಗ್ರಾಮ್‌ಗಳನ್ನು ಸುಮ್ನೆ ಒಂದಾದ ಮೇಲೊಂದು ಓಡಿಸಬೇಕಾದರೆ ಬ್ಯಾಶ್. ನಡುವೆ ಬರುವ ಮಾಹಿತಿಯನ್ನು ಇಟ್ಟುಕೊಂಡು ಹೋಲಿಸಬೇಕು, ಲೆಕ್ಕ ಹಾಕಬೇಕು ಅಂದರೆ ಪೈಥಾನ್. ಬ್ಯಾಶ್‌ಗೆ ದಶಮಾಂಶದ ಲೆಕ್ಕ ಕೂಡ ಬರುವುದಿಲ್ಲ.

ನಿಮ್ಮ ಲಾಗ್ ಕೆಲಸವನ್ನೇ ನೋಡಿ. 30 ದಿನ ದಾಟಿದ ಫೈಲ್ ಅಳಿಸಲು, ಫೈಲ್ ಹುಡುಕುವ ಫೈಂಡ್ ಕಮಾಂಡಿನ ಒಂದೇ ಸಾಲು ಸಾಕು. ಅದಕ್ಕೆ ಪೈಥಾನ್ ಯಾಕೆ? ಆದರೆ ಆ ಸಾಲಿನಲ್ಲಿ ಡಿಲೀಟ್ ಅನ್ನುವುದು ಕಡೆಯಲ್ಲೇ ಇರಬೇಕು. ಫೈಂಡ್ ಎಡದಿಂದ ಬಲಕ್ಕೆ ಓದುತ್ತದೆ. ಡಿಲೀಟ್ ಮುಂದೆ ಬಂದರೆ ಹೆಸರು, ದಿನ ಯಾವುದನ್ನೂ ನೋಡದೆ ಫೋಲ್ಡರ್‌ನಲ್ಲಿರುವುದನ್ನೆಲ್ಲ ಅಳಿಸಿಬಿಡುತ್ತದೆ. ಮೊದಲು ಆ ಜಾಗದಲ್ಲಿ ಪ್ರಿಂಟ್ ಹಾಕಿ, ಬರುವ ಪಟ್ಟಿಯನ್ನು ಕಣ್ಣಾರೆ ನೋಡಿ.

ಬ್ಯಾಶ್‌ನಲ್ಲಿ ಜಾಸ್ತಿ ಕಾಡುವುದು ಎರಡು ವಿಷಯ. ಒಂದು, ಹೆಸರಿನ ನಡುವೆ ಜಾಗ ಇರುವ ಫೈಲ್. "ಹಳೆ ವರದಿ" ಅನ್ನುವ ಫೈಲ್ ಇದೆ ಅಂದುಕೊಳ್ಳಿ. ಅಳಿಸುವಾಗ, ಆ ಹೆಸರನ್ನು ಇಟ್ಟುಕೊಂಡ ವೇರಿಯಬಲ್‌ಗೆ ಡಬಲ್ ಕೋಟ್ ಹಾಕದಿದ್ದರೆ ಅದು "ಹಳೆ", "ವರದಿ" ಅಂತ ಎರಡು ಹೆಸರಾಗುತ್ತದೆ. "ವರದಿ" ಅಂತ ಬೇರೆ ಫೈಲ್ ನಿಜವಾಗಿ ಇದ್ದರೆ ಅದೇ ಅಳಿಸಿಹೋಗುತ್ತದೆ. ಎರಡು, ಒಂದು ಸಾಲು ಫೇಲ್ ಆದರೂ ಬ್ಯಾಶ್ ಮುಂದಕ್ಕೆ ಹೋಗುತ್ತದೆ. ಬ್ಯಾಕಪ್ ಫೋಲ್ಡರ್‌ಗೆ ಹೋಗಲು ಆಗಲಿಲ್ಲ, ಮುಂದಿನ ಸಾಲು "ಇಲ್ಲಿರುವುದೆಲ್ಲ ಅಳಿಸು" ಅಂತಿದೆ. ಆಗ ಎಲ್ಲಿದ್ದೀರೋ ಅಲ್ಲೇ ಅಳಿಸುತ್ತದೆ! ಹಾಗಾಗಿ ಫೋಲ್ಡರ್ ಬದಲಿಸುವ ಸಾಲಿನಲ್ಲೇ, ಆಗದಿದ್ದರೆ ನಿಲ್ಲು ಅಂತ ಬರೆಯಿರಿ. ಬರೆದ ಮೇಲೆ, ಸ್ಕ್ರಿಪ್ಟ್‌ನ ತಪ್ಪು ಹುಡುಕುವ ಶೆಲ್‌ಚೆಕ್ ಅನ್ನುವ ಪ್ರೋಗ್ರಾಮ್‌ಗೆ ಕೊಡಿ. ಬಿಟ್ಟುಹೋದ ಕೋಟ್‌ಗಳನ್ನು ಅದು ಹಿಡಿದುಕೊಡುತ್ತದೆ.

ಪೈಥಾನ್‌ನಲ್ಲಿ ಎರರ್ ಬಂದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಆದರೆ ಅದರ ಸಬ್‌ಪ್ರೊಸೆಸ್ ರನ್ ಮೂಲಕ ಬೇರೆ ಕಮಾಂಡ್ ಓಡಿಸುವಾಗ ಚೆಕ್ ಅನ್ನುವ ಆಯ್ಕೆಯನ್ನು ಟ್ರೂ ಮಾಡಿ. ಇಲ್ಲದಿದ್ದರೆ ಆ ಕಮಾಂಡ್ ಫೇಲ್ ಆದರೂ ಪೈಥಾನ್ ಸುಮ್ಮನಿರುತ್ತದೆ.

ಪರ್ಲ್ 1987ರದು, ಪಠ್ಯ ಜಾಲಾಡುವುದರಲ್ಲಿ ಇಂದಿಗೂ ಗಟ್ಟಿ. ಹೊಸದಾಗಿ ಬರೆಯಬೇಕಿಲ್ಲ, ಓದಲು ಬಂದರೆ ಸಾಕು. ಸರಿಯಾಗಿ ಓಡುತ್ತಿರುವ ಪರ್ಲ್ ಸ್ಕ್ರಿಪ್ಟನ್ನು ದಯವಿಟ್ಟು ಮುಟ್ಟಬೇಡಿ.

ಪ್ರಶ್ನೆ (ಇನ್ನೊಬ್ಬರು): ನನ್ನ ಬ್ಯಾಕಪ್ ಸ್ಕ್ರಿಪ್ಟ್ ಬ್ಯಾಶ್‌ನಲ್ಲೇ ಬೆಳೆದು ಬೆಳೆದು 200 ಸಾಲು ದಾಟಿದೆ ಮೇಡಂ. ಬದಲಿಸಲಾ?

ಉತ್ತರ: ಬದಲಿಸಿ. ಗೂಗಲ್‌ನವರ ಶೆಲ್ (ಬ್ಯಾಶ್‌ನಂಥದ್ದು) ಬರವಣಿಗೆಯ ನಿಯಮದಲ್ಲೂ 100 ಸಾಲು ದಾಟಿದರೆ ಬೇರೆ ಭಾಷೆಗೆ ಹೋಗಿ ಅಂತಿದೆ. ನಾನು ಸಾಲು ಎಣಿಸುವುದಕ್ಕಿಂತ ಒಳಗೇನಿದೆ ಅಂತ ನೋಡುತ್ತೇನೆ. ಜೇಸನ್ (ಪ್ರೋಗ್ರಾಮ್‌ಗಳು ಮಾಹಿತಿ ಹಂಚಿಕೊಳ್ಳುವ ಒಂದು ಪಠ್ಯ ರೂಪ) ಓದಬೇಕಾಗಿ ಬಂದರೆ 20 ಸಾಲಿಗೇ ಪೈಥಾನ್ ಹಿಡಿಯುತ್ತೇನೆ.

ಪ್ರಶ್ನೆ: ನಮ್ಮಲ್ಲಿ ವಿಂಡೋಸ್ ಸರ್ವರ್‌ಗಳೂ ಇವೆ, ಅಲ್ಲಿಗೆ?

ಉತ್ತರ: ಮೈಕ್ರೋಸಾಫ್ಟ್‌ನವರ ಪವರ್‌ಶೆಲ್, ಎರಡನೇ ಮಾತಿಲ್ಲ. ಅದರ ಪೈಪ್‌ನಲ್ಲಿ, ಅಂದರೆ ಒಂದು ಕಮಾಂಡ್‌ನಿಂದ ಇನ್ನೊಂದಕ್ಕೆ, ಹರಿಯುವುದು ಬರೀ ಪಠ್ಯವಲ್ಲ, ಆಬ್ಜೆಕ್ಟ್ (ಪ್ರತಿ ಮಾಹಿತಿಗೂ ಹೆಸರಿರುವ ಕಟ್ಟು). ಫೈಲಿನ ಗಾತ್ರ ಬೇಕಾದರೆ ಕಾಲಮ್ ಎಣಿಸಬೇಕಿಲ್ಲ, ಹೆಸರು ಹೇಳಿ ಕೇಳಬಹುದು. 2016ರಿಂದ ಲಿನಕ್ಸ್‌ನಲ್ಲೂ ಸಿಗುತ್ತದೆ.

ಪ್ರಶ್ನೆ (ಮೊದಲು ಕೇಳಿದವರು): ಥ್ಯಾಂಕ್ಸ್ ಮೇಡಂ. ಡಿಸ್ಕ್ ಸ್ಕ್ರಿಪ್ಟ್ ಕೈಯಲ್ಲಿ ಓಡಿಸಿದರೆ ಮೇಲ್ ಬರುತ್ತದೆ, ನಿಗದಿತ ಹೊತ್ತಿಗೆ ತಾನೇ ಓಡಿಸುವ ಕ್ರಾನ್‌ಗೆ ಹಾಕಿದರೆ ಬರಲ್ಲ. ಇದು ಬ್ಯಾಶ್‌ನ ತೊಂದರೆ ಅಲ್ವಾ?

ಉತ್ತರ: ಅಲ್ಲ, ಪೈಥಾನ್‌ನಲ್ಲಿ ಬರೆದರೂ ಹೀಗಾಗಬಹುದು. ಕ್ರಾನ್ ನಿಮ್ಮ ಲಾಗಿನ್ ಸೆಟ್ಟಿಂಗ್‌ಗಳನ್ನು ಓದುವುದಿಲ್ಲ. ಅದರ ಪಾತ್‌ನಲ್ಲಿ, ಅಂದರೆ ಕಮಾಂಡ್ ಹುಡುಕುವ ಪಟ್ಟಿಯಲ್ಲಿ, ಇರುವ ಫೋಲ್ಡರ್‌ಗಳೂ ಕಡಿಮೆ. ಮೇಲ್ ಕಳಿಸುವ ಕಮಾಂಡಿನ ಪೂರ್ತಿ ವಿಳಾಸ ಬರೆದು ನೋಡಿ. ಆಮೇಲೂ ಬರದಿದ್ದರೆ ಕ್ರಾನ್ ಸಾಲಿನಲ್ಲಿ ಎರರ್ ಔಟ್‌ಪುಟನ್ನು ಒಂದು ಫೈಲ್‌ಗೆ ತಿರುಗಿಸಿ, ಅದರಲ್ಲಿ ಬಿದ್ದದ್ದನ್ನು ಇಲ್ಲಿ ಹಾಕಿ, ನೋಡೋಣ.